ಪರೀಕ್ಷೆ ಯಾರಿಗೆ? ಪರದೆಗೆ!

(ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತಿನ ಬರಹ ರೂಪ)



"ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂತ ಸಂಘದ ಹುಡುಗರು ಕರೆದಿದ್ದಾರೆ. ಕಂಪ್ಯೂಟರ್ ಕಲಿತರೆ ನೌಕರಿ ಸಿಗ್ತದ ಅನ್ನೋ ಮಾತು ನೀವು ಸಾಕಷ್ಟು ಕೇಳೀರಿ, ಅದನ್ನ ನಾನು ಮತ್ತ ಹೇಳೂದಿಲ್ಲ. ಇವತ್ತಿನ ವಿಷಯ ಬ್ಯಾರೆ. ಒಂದು ಆ್ಯಪ್ ಇರಲಿ, ಸರಕಾರಿ ಪೋರ್ಟಲ್ ಇರಲಿ, ಬ್ಯಾಂಕಿನ ಎಟಿಎಂ ಇರಲಿ, ಅದು ಬಳಸುವ ಜನರ ಕೈಗೆ ಒಗ್ಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ವಿದ್ಯೆ ಒಂದಿದೆ. ಅದಕ್ಕೆ ಯೂಸಬಿಲಿಟಿ ಇವ್ಯಾಲ್ಯುಯೇಶನ್ ಅಂತಾರೆ. ಹೆಸರು ಉದ್ದ ಅದ, ಖರ್ಚು ಮಾತ್ರ ಕಡಿಮಿ: ಒಂದು ನೋಟ್‌ಬುಕ್ಕು, ಒಂದು ಪೆನ್ನು, ಬಾಯಿ ಮುಚ್ಚಿಕೊಂಡು ಕೂಡುವ ತಾಳ್ಮೆ. ಅದಕ್ಕೇ ನಮ್ಮಂಥವರು ಕಲಿಯಬೇಕಾದ ವಿದ್ಯೆ ಅಂತ ಆರಿಸಿಕೊಂಡೆ.

ಯಾಕೆ ಬೇಕು ಇದು ಅಂತ ಕೇಳ್ತೀರಿ. ಪ್ರತಿ ವರ್ಷ ನಮ್ಮ ಓಣಿಗಳ ಮಕ್ಕಳು ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾರೆ. ನನಗೆ ಗೊತ್ತಿರುವ ಒಬ್ಬ ಹುಡುಗಿ ಹನ್ನೊಂದನೆಯ ಇಯತ್ತೆಯಲ್ಲಿದ್ದಳು. ಪೋರ್ಟಲಿನ ಹೆಸರು ಬ್ಯಾಡ. ಎಲ್ಲ ತುಂಬಿ, ಕಾಗದ ಏರಿಸಿ, "ಜತನ ಕರಾ" ಅನ್ನುವ ಬಟನ್ ಒತ್ತಿದಳು. ಹಸಿರು ಬಣ್ಣದಲ್ಲಿ ಒಂದು ಸಂದೇಶ ಬಂತು. ಅರ್ಜಿ ಹೋಯಿತು ಅಂತ ಮನೆಗೆ ಬಂದಳು. ಆದರೆ ಕೆಳಗೆ, ಪರದೆಯನ್ನು ಇನ್ನಷ್ಟು ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿ, "ಸಾದರ ಕರಾ" ಅಂತ ಇನ್ನೊಂದು ಬಟನ್ ಇತ್ತು. ಅದನ್ನು ಒತ್ತುವ ತನಕ ಅರ್ಜಿ ಕಾಲೇಜಿಗೆ ಹೋಗುವುದೇ ಇಲ್ಲ. ತಾರೀಖು ಮುಗಿದ ಮೇಲೆ ಗೊತ್ತಾಯಿತು. ಅವಳ ಅವ್ವ ಅಂದದ್ದು ಇಷ್ಟೇ: "ನಾವು ಅಡಾಣಿ ಮಂದಿ, ನಮಗಿದೆಲ್ಲಾ ಎಲ್ಲಿ ತಿಳೀತದ."

ಹತ್ತನೆಯದರಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ಅಂಕ ತಂದ ಹುಡುಗಿ ಅದು. ಅವಳನ್ನು ಅಡಾಣಿ ಮಾಡಿದ್ದು ಎರಡು ಬಟನ್. ಒಂದು ವರ್ಷದ ಫೀಜು ಮನೆಯಿಂದ ಹೋಯಿತು, ದುಡ್ಡಿಗಿಂತ ಹೆಚ್ಚಾಗಿ ಆ ತಾಯಿ ಎಲ್ಲರ ಮುಂದೆ ತನ್ನನ್ನು ತಾನೇ ಬೈದುಕೊಂಡಳಲ್ಲ, ಅದು ನನಗೆ ಇವತ್ತಿಗೂ ಸರಿ ಕಾಣೂದಿಲ್ಲ.

ಈ ವಿದ್ಯೆಗೆ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 9241ರ 11ನೆಯ ಭಾಗ. 1998ರಲ್ಲಿ ಬಂತು, 2018ರಲ್ಲಿ ತಿದ್ದಿದರು. ಅದು ಹೇಳುವುದನ್ನು ನಮ್ಮ ಮಾತಿನಲ್ಲಿ ಹೇಳಿದರೆ: ಇಂಥ ಜನ, ಇಂಥ ಕೆಲಸ, ಇಂಥ ಪರಿಸ್ಥಿತಿ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಆಮೇಲೆ ಮೂರು ಸಂಗತಿ ಅಳೆಯಿರಿ. ಕೆಲಸ ಮುಗಿಯಿತೋ ಇಲ್ಲೋ, ಮುಗಿಸಲು ಎಷ್ಟು ಹೊತ್ತು ಎಷ್ಟು ಶ್ರಮ ಹಿಡಿಯಿತು, ಮಾಡಿದವರಿಗೆ ಸಮಾಧಾನ ಆಯಿತೋ ಇಲ್ಲೋ. ಈ ಮೂರಕ್ಕಿಂತ ಮೊದಲಿನ ಮಾತೇ ನನಗೆ ದೊಡ್ಡದಾಗಿ ಕಾಣುತ್ತದೆ. "ಇಂಥ ಜನ" ಅಂದರೆ ಯಾವ ಜನ? ಪುಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಂತವನನ್ನು ಮನಸ್ಸಿನಲ್ಲಿಟ್ಟು ಮಾಡಿದ ಪರದೆ, ಅಕ್ಕಲಕೋಟ ತಾಲೂಕಿನ ಹಳ್ಳಿಯಲ್ಲಿ ಒಡೆದ ಗಾಜಿನ ಮೊಬೈಲ್ ಹಿಡಿದು ಬಿಸಿಲಲ್ಲಿ ನಿಂತವನಿಗೆ ಹೇಗೆ ಒಗ್ಗಬೇಕು?

ಒಳ್ಳೆಯ ಮನಸ್ಸು ಇದ್ದರೆ ಸಾಕು, ಪರೀಕ್ಷೆ ಯಾಕೆ ಅಂತ ಕೆಲವರು ಅಂತಾರೆ. 2000ನೆಯ ಇಸವಿಯ ಅಮೆರಿಕಾದ ಅಧ್ಯಕ್ಷ ಚುನಾವಣೆ ನೋಡ್ರಿ. ಫ್ಲೋರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದ ಮತದಾರರು ಬಹಳ. ಅವರ ಕಣ್ಣಿಗೆ ಕಾಣಲಿ ಎಂದು ಅಧಿಕಾರಿಗಳು ಅಕ್ಷರ ದೊಡ್ಡದು ಮಾಡಿದರು. ಹೆಸರುಗಳು ಒಂದು ಪುಟದಲ್ಲಿ ಹಿಡಿಸಲಿಲ್ಲ. ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಹೆಸರು, ನಡುವೆ ತೂತು ಮಾಡುವ ಒಂದೇ ಸಾಲು. ಎಡಗಡೆ ಎರಡನೆಯ ಹೆಸರು ಅಲ್ ಗೋರ್ ಅವರದು, ಆದರೆ ಅವರ ತೂತು ಮೂರನೆಯದು. ಎರಡನೆಯ ತೂತು ಬಲಗಡೆಯ ಪ್ಯಾಟ್ ಬುಕಾನನ್ ಅವರದು. ಆ ಒಂದು ಕೌಂಟಿಯಲ್ಲೇ ಬುಕಾನನ್ ಅವರಿಗೆ 3,407 ಮತ ಬಿದ್ದವು, ಅಲ್ಲಿ ಯಾರೂ ನಿರೀಕ್ಷಿಸದಷ್ಟು. ಎರಡೆರಡು ತೂತು ಮಾಡಿ ಕೆಟ್ಟುಹೋದ ಚೀಟಿ 19 ಸಾವಿರದ ಮೇಲೆ. ಇಡೀ ರಾಜ್ಯವನ್ನು ಜಾರ್ಜ್ ಬುಶ್ ಗೆದ್ದದ್ದು 537 ಮತದಿಂದ. ನಾಲ್ಕು ಮಂದಿ ಅಜ್ಜ-ಅಜ್ಜಿಯರನ್ನು ಕೂಡಿಸಿ "ಗೋರ್ ಅವರಿಗೆ ಒಂದು ತೂತು ಮಾಡ್ರಿ" ಅಂತ ಮೊದಲೇ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು.

ನಮ್ಮ ವೋಟಿನ ಮಶೀನು ಆ ಲೆಕ್ಕದಲ್ಲಿ ಎಷ್ಟೋ ಮೇಲು. ಹೆಸರಿನ ಎದುರಿಗೇ ಬಟನ್, ಓದಲು ಬಾರದವರಿಗೆ ಚಿನ್ಹೆ, ಒತ್ತಿದ ಕೂಡಲೇ ಕೆಂಪು ದೀಪ, ಉದ್ದಕ್ಕೆ ಬೀಪ್ ಸದ್ದು. ಈಗ ಏಳು ಸೆಕೆಂಡು ಚೀಟಿಯೂ ಕಾಣುತ್ತದೆ. ಮಶೀನಿನ ರಾಜಕೀಯ ಬ್ಯಾರೆ ಮಾತು, ಅದಕ್ಕೆ ಬ್ಯಾರೆ ಸಭೆ ಬೇಕು. ಒತ್ತಿದ್ದು ಒತ್ತಿತೋ ಇಲ್ಲೋ ಎಂಬ ಸಂಶಯ ಉಳಿಸೂದಿಲ್ಲ ಅನ್ನೋದಷ್ಟೇ ಇಲ್ಲಿ ನನ್ನ ಮಾತು.

ಈಗ ವಿಧಾನಗಳಿಗೆ ಬರೋಣ.

ಮೊದಲನೆಯದು ಜನರನ್ನು ಕರೆಯದೆಯೇ ಮಾಡುವುದು. 1990ರಲ್ಲಿ ಯಾಕೊಬ್ ನೀಲ್ಸನ್, ರಾಲ್ಫ್ ಮೋಲಿಚ್ ಎಂಬಿಬ್ಬರು ಡೆನ್ಮಾರ್ಕಿನವರು ಒಂದು ದಾರಿ ತೋರಿಸಿದರು. ಒಳ್ಳೆಯ ಪರದೆಗೆ ಇರಬೇಕಾದ ಗುಣಗಳ ಒಂದು ಪಟ್ಟಿ ಇಟ್ಟುಕೊಂಡು, ಮೂರು ನಾಲ್ಕು ಮಂದಿ ಬೇರೆ ಬೇರೆ ಕುಂತು, ಪರದೆಯನ್ನು ಒಂದೊಂದಾಗಿ ಅದಕ್ಕೆ ಒರೆ ಹಚ್ಚಿ ನೋಡುವುದು. ಆಮೇಲೆ ಎಲ್ಲರ ಟಿಪ್ಪಣಿ ಕೂಡಿಸುವುದು. 1994ರಲ್ಲಿ ನೀಲ್ಸನ್ ಆ ಪಟ್ಟಿಯನ್ನು ತಿದ್ದಿ ಹತ್ತು ಸೂತ್ರ ಮಾಡಿದರು. ಹತ್ತನ್ನೂ ಹೇಳಿ ನಿಮ್ಮ ತಲೆ ತಿನ್ನೂದಿಲ್ಲ, ಎರಡು ಹೇಳ್ತೀನಿ.

ಒಂದು, ಈಗ ಏನು ನಡೆದಿದೆ ಎಂದು ಮಶೀನು ಹೇಳುತ್ತಲೇ ಇರಬೇಕು. ಕಿರಾಣಿ ಅಂಗಡಿಯ ಮಾತಾಡುವ ಡಬ್ಬಿ ನೋಡ್ರಿ, "ಐವತ್ತು ರೂಪಾಯಿ ಬಂದಿದೆ" ಅಂತ ಕೂಗ್ತದ. ಅಂಗಡಿ ಕಾಕಾ ಸಕ್ಕರೆ ತೂಗುತ್ತಲೇ ಲೆಕ್ಕ ಕೇಳಿಸಿಕೊಳ್ಳುತ್ತಾನೆ, ಮೊಬೈಲ್ ತೆಗೆದು ನೋಡುವ ಹಂಗಿಲ್ಲ. ನಮ್ಮ ಹುಡುಗಿಯ ಅರ್ಜಿಯಲ್ಲಿ ತಪ್ಪಿದ್ದು ಇದೇ. "ಅರ್ಜಿ ಇನ್ನೂ ನಿಮ್ಮ ಹತ್ತಿರವೇ ಇದೆ, ಕಾಲೇಜಿಗೆ ಹೋಗಿಲ್ಲ" ಎಂಬ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಎರಡು, ಪರದೆ ಬಳಸುವವರ ಮಾತಿನಲ್ಲಿ ಮಾತಾಡಬೇಕು. ಗಡಿಯಲ್ಲಿರುವ ನಮಗೆ ಇದು ಬಹಳ ತೊಡಕಿನದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಮರಾಠಿ ಫಾರ್ಮಿನಲ್ಲಿ "ಶಿಷ್ಯವೃತ್ತಿ" ಇರುತ್ತದೆ, ಕನ್ನಡ ಶಾಲೆಯ ಪುಸ್ತಕದಲ್ಲಿ "ವಿದ್ಯಾರ್ಥಿವೇತನ", ಮನೆಯಲ್ಲಿ "ಸ್ಕಾಲರ್‌ಶಿಪ್". ಒಂದೇ ರೊಕ್ಕಕ್ಕೆ ಮೂರು ಹೆಸರು. "ಉತ್ಪನ್ನದ ದಾಖಲಾ" ಅಂದರೆ ನಮಗೆ ಗೊತ್ತು, ತಹಶೀಲ್ದಾರ ಕಚೇರಿಯದು. ಅದನ್ನೇ ಕಲಬುರಗಿಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳು ಓದಿದರೆ, ಉತ್ಪನ್ನ ಅಂದ್ರ ಹೊಲದಲ್ಲಿ ಬೆಳೆದದ್ದೋ ಕಾರ್ಖಾನೆಯಲ್ಲಿ ಮಾಡಿದ್ದೋ ಅಂತಾಳೆ, ಯಾಕಂದ್ರ ಅವಳಿಗೆ ಅದು "ಆದಾಯ ಪ್ರಮಾಣಪತ್ರ". ಹಿಂದಿಯ "ಶಿಕ್ಷಾ" ಅಂದರೆ ಓದು, ಮರಾಠಿಯವರಿಗೂ ನಮಗೂ ಶಿಕ್ಷೆ ಅಂದರೆ ದಂಡನೆ! ಇದಕ್ಕೆ ತಿರುಗುಮುರುಗು ಉದಾಹರಣೆಯೂ ಅದ. ಕನ್ನಡ ಸಾಫ್ಟ್‌ವೇರುಗಳಲ್ಲಿ ಸೇವ್ ಎಂಬುದಕ್ಕೆ "ಉಳಿಸು" ಅಂತ ಹಾಕ್ತಾರೆ, ಮರಾಠಿಯವರು "ಜತನ ಕರಾ" ಅಂತ. ನಮ್ಮ ಅವ್ವಂದಿರಿಗೆ ಕೇಳ್ರಿ, "ಜತನ ಮಾಡಿ ಇಡು" ಅನ್ನೋದೇ ಹೆಚ್ಚು ಹತ್ತಿರ. ಬರೀ ಭಾಷೆ ಬದಲಿಸಿದರೆ ಪರದೆ ನಮ್ಮದಾಗೂದಿಲ್ಲ, ಯಾರ ಬಾಯಲ್ಲಿ ಯಾವ ಮಾತು ಇದೆ ಎಂದು ಕೇಳಿಯೇ ನೋಡಬೇಕು. ಭಾಷೆಯೇ ಇಲ್ಲದಿದ್ದರಂತೂ ಮುಗೀತು. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಲಸಿಕೆ ಬೇಕಾದರೆ ಕೋವಿನ್‌ನಲ್ಲಿ ನೋಂದಣಿ ಕಡ್ಡಾಯ ಇತ್ತು, ಆಗ ಆ ಪೋರ್ಟಲ್ ಇಂಗ್ಲಿಷಿನಲ್ಲಿ ಮಾತ್ರ. ಆ ತಿಂಗಳ ಕೊನೆಗೆ ಸುಪ್ರೀಂ ಕೋರ್ಟೇ ಈ ಡಿಜಿಟಲ್ ಅಂತರದ ಪ್ರಶ್ನೆ ಎತ್ತಿತು. ಕನ್ನಡ, ಮರಾಠಿ ಮುಂತಾದವು ಜೂನಿನಲ್ಲಿ ಬಂದವು.

ಎರಡನೆಯ ವಿಧಾನಕ್ಕೆ ಕಾಗ್ನಿಟಿವ್ ವಾಕ್‌ಥ್ರೂ ಅಂತಾರೆ. ಹೊಸಬನೊಬ್ಬನ ತಲೆಯೊಳಗೆ ಹೊಕ್ಕು, ಅವನ ಹೆಜ್ಜೆಯಲ್ಲಿ ಹೆಜ್ಜೆ ಇಡುವುದು. ಪ್ರತಿ ಹೆಜ್ಜೆಗೂ ಪ್ರಶ್ನೆ ನಾಲ್ಕೇ. ಇಲ್ಲಿ ಇದನ್ನು ಮಾಡಬೇಕು ಎಂದು ಅವನಿಗೆ ಹೊಳೆಯುತ್ತದೆಯೇ? ಅದಕ್ಕೆ ಬೇಕಾದ ಬಟನ್ ಕಣ್ಣಿಗೆ ಬೀಳುತ್ತದೆಯೇ? ಆ ಬಟನ್ನೇ ತನ್ನ ಕೆಲಸದ್ದು ಎಂದು ಗುರುತು ಹತ್ತುತ್ತದೆಯೇ? ಒತ್ತಿದ ಮೇಲೆ ಮುಂದೆ ಸಾಗಿದೆ ಎಂದು ತಿಳಿಯುತ್ತದೆಯೇ? ಹುಡುಗಿಯ ಅರ್ಜಿಗೆ ಹಚ್ಚಿ ನೋಡ್ರಿ. ಮೊದಲನೆಯದಕ್ಕೇ ಇಲ್ಲ, ಎರಡನೆಯದಕ್ಕೂ ಇಲ್ಲ.

ಇನ್ನು ಸೆಕೆಂಡು ಎಣಿಸುವ ವಿಧಾನವೊಂದಿದೆ. ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು 1980ರ ಹೊತ್ತಿಗೆ ಕಟ್ಟಿದ್ದು. ಒಂದು ಕೀ ಒತ್ತಲು ಇಷ್ಟು, ಮನಸ್ಸಿನಲ್ಲಿ ಯೋಚಿಸಿ ಸಿದ್ಧವಾಗಲು 1.35 ಸೆಕೆಂಡು ಅಂತ ಲೆಕ್ಕ ಕೂಡಿಸುತ್ತಾರೆ. ದಿನವಿಡೀ ಒಂದೇ ಕೆಲಸ ಮಾಡುವ ಪಳಗಿದ ಕೈಗಳಿಗೆ ಅದು ಸರಿ. ವರ್ಷಕ್ಕೊಮ್ಮೆ ಅರ್ಜಿ ತುಂಬುವ ನಮಗೆ ಅದರ ಉಪಯೋಗ ಅಷ್ಟಕ್ಕಷ್ಟೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಬಾಯಿಬಿಟ್ಟು ಯೋಚಿಸುವ ಪರೀಕ್ಷೆ. ಐಬಿಎಂ ಕಂಪನಿಯಲ್ಲಿದ್ದ ಕ್ಲೇಟನ್ ಲೂಯಿಸ್ 1982ರಲ್ಲಿ ಇದನ್ನು ಸಾಫ್ಟ್‌ವೇರಿಗೆ ತಂದರು. ಒಬ್ಬರ ಕೈಗೆ ಮೊಬೈಲ್ ಕೊಡ್ರಿ. ಒಂದು ಕೆಲಸ ಹೇಳ್ರಿ. ಮಾಡ್ತಾ ಮಾಡ್ತಾ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಹೇಳಲಿ: "ಇದೇನಿದು... ಇಲ್ಲಿ ಹೆಸರು ಅಂತದ, ನನ್ನ ಹೆಸರೋ ಅಪ್ಪನ ಹೆಸರೋ... ಅಡ್ಡಹೆಸರು ಮೊದಲೋ ಆಮೇಲೋ..." ನೀವು ಬರೆದುಕೊಳ್ಳೋದು. ಅಷ್ಟೇ.

ಅಷ್ಟೇ ಅಂದೆ, ಆದರೆ ಇದರಲ್ಲಿ ಬಲು ಕಷ್ಟದ್ದು ಸುಮ್ಮನಿರುವುದು. ಎದುರಿಗೆ ನಿಮ್ಮ ಆಯಿ ತಪ್ಪು ಜಾಗ ಒತ್ತುತ್ತಿದ್ದರೆ ನಿಮ್ಮ ಬೆರಳು ತಾನೇ ಹೋಗ್ತದ. ಹೋಗಬಾರದು. "ಈಗ ಏನು ಮಾಡ್ಬೇಕಪಾ?" ಅಂತ ಕೇಳಿದರೆ, "ನೀವೊಬ್ರೇ ಇದ್ರ ಏನ್ ಮಾಡ್ತಿದ್ರಿ?" ಅಂತ ತಿರುಗಿ ಕೇಳಬೇಕು. ಶುರುವಿಗೇ ಒಂದು ಮಾತು ಬಾಯಿಬಿಟ್ಟು ಹೇಳಬೇಕು: "ಆಯಿ, ಇದು ನಿಮಗ ಪರೀಕ್ಷೆ ಅಲ್ಲ, ಈ ಮೊಬೈಲಿಗೆ ಪರೀಕ್ಷೆ. ನೀವು ಎಲ್ಲಿ ಸಿಕ್ಕೊಂತೀರಿ, ಅಲ್ಲಿ ಅದು ನಪಾಸು." ಶಾಲೆಯಲ್ಲಿ, ಕಚೇರಿಯಲ್ಲಿ, ಎಲ್ಲಾ ಕಡೆ ಪರೀಕ್ಷೆಗೆ ಒಳಗಾಗುತ್ತಲೇ ಬಂದ ನಮ್ಮ ಜನಕ್ಕೆ ಈ ಮಾತು ಎರಡು ಸಲ ಹೇಳಿದರೂ ಕಡಿಮೆಯೇ.

ಎಷ್ಟು ಜನ ಬೇಕು? ನೀಲ್ಸನ್, ಲ್ಯಾಂಡವರ್ ಇಬ್ಬರೂ 1993ರಲ್ಲಿ ಒಂದು ಲೆಕ್ಕ ಕೊಟ್ಟರು. ಸರಾಸರಿ ಒಬ್ಬರಿಂದ ನೂರಕ್ಕೆ 31 ತೊಡಕು ಸಿಗುತ್ತವೆ. ಎರಡನೆಯವರಿಂದ ಹೊಸವು ಕೆಲವು, ಹಳೆಯವು ಕೆಲವು. ಹೀಗೆ ಮೂವರಿಗೆ ನೂರಕ್ಕೆ 67, ಐವರಿಗೆ ಹತ್ತಿರ ಹತ್ತಿರ 85. ಅದಕ್ಕೇ "ಐದು ಜನ ಸಾಕು" ಎಂಬ ಮಾತು ಜನಜನಿತವಾಯಿತು. ಹದಿನೈದು ಜನ ಸಿಕ್ಕರೆ ಒಂದೇ ಸಲ ಕೂಡಿಸಬೇಡಿ, ಐದೈದರಂತೆ ಮೂರು ಸಲ ಮಾಡಿ, ನಡುನಡುವೆ ಪರದೆ ತಿದ್ದಿ, ಎಂಬುದು ನೀಲ್ಸನ್ ಸಲಹೆ. ಆದರೆ ಈ ಐದರ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ. ಐವರೂ ಡಿಪ್ಲೊಮಾ ಹುಡುಗರೇ ಆದರೆ ಸಿಗುವುದು ಡಿಪ್ಲೊಮಾ ಹುಡುಗರ ತೊಡಕು ಮಾತ್ರ. ಇಬ್ಬರು ಓದು ಬಾರದವರು, ಒಬ್ಬ ಮರಾಠಿ ಮಾಧ್ಯಮದ ಹುಡುಗಿ, ಒಬ್ಬ ಕನ್ನಡ ಮಾಧ್ಯಮದವನು, ಕಣ್ಣು ಮಂಜಾದ ಒಬ್ಬ ಹಿರಿಯರು, ಹೀಗೆ ಆರಿಸಬೇಕು. ಪರೀಕ್ಷೆ ಮಾಡುವವರೂ ಬೇರೆ ಬೇರೆ ಇರಬೇಕು. ಮೋಲಿಚ್ ಒಮ್ಮೆ ಒಂಬತ್ತು ತಂಡಗಳಿಗೆ ಒಂದೇ ಹಾಟ್‌ಮೇಲ್ ಕೊಟ್ಟು ಪರೀಕ್ಷಿಸಲು ಹೇಳಿದರು. ಸಿಕ್ಕ ತೊಡಕುಗಳಲ್ಲಿ ಮುಕ್ಕಾಲು ಪಾಲು ಒಂದೇ ಒಂದು ತಂಡದ ಕಣ್ಣಿಗೆ ಬಿದ್ದವು! ಪಳಗಿದವರ ಗತಿಯೇ ಇದು.

ಇನ್ನೊಂದು ತೊಡಕು ನಮ್ಮ ಮರ್ಯಾದೆಯದು. ನೀವು ಕೇಳ್ತೀರಿ, "ಕಾಕೂ, ಆ್ಯಪ್ ಹೆಂಗದ?" ಕಾಕೂ ಅಂತಾಳೆ, "ಛಲೋ ಅದ ಬಿಡಪಾ, ನೀ ಮಾಡಿದ್ದಲ್ಲ." ಇದನ್ನು ಅಳೆದೇ ನೋಡಿದವರಿದ್ದಾರೆ, ಅದೂ ಬೆಂಗಳೂರಿನಲ್ಲಿ. ನಿಕೋಲಾ ಡೆಲ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದರು. ಎರಡು ವಸ್ತು ತೋರಿಸಿ, ಇದರಲ್ಲಿ ಒಂದು ನಾನು ಮಾಡಿದ್ದು ಅಂತ ಹೇಳಿ, ಯಾವುದು ಚಲೋ ಎಂದು ಕೇಳಿದರು. ಎರಡೂ ಒಂದೇ ತರಹದವು ಇದ್ದಾಗಲೂ ಕೇಳುವವರದ್ದೇ ಚಲೋ ಅನ್ನುವ ಸಂಭವ ಸುಮಾರು ಎರಡೂವರೆ ಪಟ್ಟು. ಕೇಳುವವರು ವಿದೇಶದವರಾಗಿ ದುಭಾಷಿ ಜೊತೆಗಿದ್ದರೆ ಐದು ಪಟ್ಟು. ದೊಡ್ಡವರ ಮುಂದೆ ನಾವು ಎಷ್ಟು ಬಾಗುತ್ತೇವೆ ಎಂಬುದಕ್ಕೆ ಇದು ಅಂಕಿಯಲ್ಲಿ ಸಿಕ್ಕ ಸಾಕ್ಷಿ. ಆದ್ದರಿಂದ ಹೆಂಗದ ಅಂತ ಕೇಳಬೇಡಿ, ಮಾಡಿಸಿ ನೋಡಿ. "ನಮ್ಮ ಗೆಳೆಯಾರೋ ಮಾಡಿದ್ದು, ತಪ್ಪು ಹುಡುಕಿಕೊಡ್ರಿ" ಅಂತ ಹೇಳಿದರೂ ಆದೀತು.

ಇದಕ್ಕೆ ಅಪಲಾ ಲಾಹಿರಿ ಚವ್ಹಾಣ್ ಎಂಬ ನಮ್ಮ ದೇಶದ ತಜ್ಞೆ ಒಂದು ಮೋಜಿನ ಉಪಾಯ ಕಂಡುಕೊಂಡರು. ಅದರ ಹೆಸರೇ ಬಾಲಿವುಡ್ ವಿಧಾನ. ಸುಮ್ಮನೆ "ಟಿಕೆಟ್ ಬುಕ್ ಮಾಡ್ರಿ" ಅಂದರೆ ಜನ ಹೂಂ ಅಂತ ಕೂಡುತ್ತಾರೆ. ಅದರ ಬದಲು ಸಿನಿಮಾ ಕಥೆ ಕಟ್ಟುವುದು: ನಿನ್ನ ಅಣ್ಣನ ಮಗಳ ಲಗ್ನ ನಿಶ್ಚಯ ಆಗಿದೆ, ವರ ನೋಡಿದರೆ ಸುಪಾರಿ ಹಂತಕ, ಅವನಿಗೆ ಮೊದಲೇ ಒಬ್ಬ ಹೆಂಡತಿ ಇದ್ದಾಳೆ, ಅವಳನ್ನು ಕರೆದುಕೊಂಡು ನೀನು ಈಗಿಂದೀಗಲೇ ವಿಮಾನದಲ್ಲಿ ಬೆಂಗಳೂರು ಮುಟ್ಟಬೇಕು! ಕಥೆಯೊಳಗೆ ಹೊಕ್ಕ ಮನುಷ್ಯ ಸಂಕೋಚ ಮರೆತು "ಏನಿದು ದರಿದ್ರ ಬಟನ್" ಅಂತ ಬಾಯಿಗೆ ಬಂದಂಗ ಬೈತಾನ. ಆ ಬೈಗುಳವೇ ನಮಗೆ ಬೇಕಾದದ್ದು. ನಮ್ಮ ಓಣಿಯಲ್ಲಿ ಇಂಥ ಕಥೆ ಕಟ್ಟುವವರಿಗೇನು ಬರಗಾಲವಿಲ್ಲ.

ಓದು ಬಾರದವರ ಜೊತೆ ಮಾಡುವಾಗ ಇನ್ನೊಂದು ಕೆಲಸ ನೆನಪಿಡಿ. ಇಂದ್ರಾಣಿ ಮೇಧಿ ಮತ್ತು ಸಂಗಡಿಗರು 2006ರ ಸುಮಾರಿಗೆ ಬೆಂಗಳೂರಿನ ಕೊಳೆಗೇರಿಗಳ ಮನೆಗೆಲಸದ ಹೆಣ್ಣುಮಕ್ಕಳ ಜೊತೆ ಕೂತು, ಅಕ್ಷರವೇ ಇಲ್ಲದ, ಚಿತ್ರ ಮತ್ತು ದನಿಯ ಪರದೆ ಕಟ್ಟಿದರು. ಪಾತ್ರೆಯ ಚಿತ್ರ ಇಟ್ಟರೆ ಅವರಿಗೆ ಅದು ಪಾತ್ರೆ, ಅಷ್ಟೇ. ನಲ್ಲಿಯಿಂದ ನೀರು ಸುರಿಯುತ್ತಿದ್ದರೆ, ಕೆಟಲಿನಿಂದ ಆವಿ ಏಳುತ್ತಿದ್ದರೆ, ಆಗ ಅದು ಕೆಲಸ ಎಂದು ತಿಳಿಯಿತು. ಆಫೀಸಿನಲ್ಲಿ ಕುಂತು ಯಾರಿಗೂ ಇದು ಹೊಳೆಯುತ್ತಿರಲಿಲ್ಲ.

ಕೊನೆಗೆ ಅಂಕಿ ಬೇಕು ಅನ್ನುವವರಿಗೆ ಒಂದು ಪ್ರಶ್ನಾವಳಿ ಇದೆ, ಎಸ್‌ಯುಎಸ್ ಅಂತ. ಜಾನ್ ಬ್ರೂಕ್ 1986ರಲ್ಲಿ ಮಾಡಿದ್ದು. ಹತ್ತು ವಾಕ್ಯ, ಪ್ರತಿಯೊಂದಕ್ಕೂ 1ರಿಂದ 5ರ ತನಕ ಅಂಕ. ಬೆಸ ಸಂಖ್ಯೆಯ ವಾಕ್ಯ ಹೊಗಳಿಕೆಯವು, ಸಮ ಸಂಖ್ಯೆಯವು ತೆಗಳಿಕೆಯವು. ಬೆಸದ ಅಂಕದಲ್ಲಿ 1 ಕಳೆಯಿರಿ, ಸಮದ್ದನ್ನು 5ರಲ್ಲಿ ಕಳೆಯಿರಿ, ಎಲ್ಲ ಕೂಡಿಸಿ ಎರಡೂವರೆಯಿಂದ ಗುಣಿಸಿ. ಹೊಗಳಿಕೆಗೆಲ್ಲ 4, ತೆಗಳಿಕೆಗೆಲ್ಲ 2 ಬಂದರೆ ಒಟ್ಟು 30, ಗುಣಿಸಿದರೆ 75. ಇದು ಶೇಕಡಾವಾರು ಅಲ್ಲ, ನೆನಪಿರಲಿ. ಸಾಮಾನ್ಯವಾಗಿ 68ನ್ನು ಸರಾಸರಿ ಎಂದು ಹಿಡಿಯುತ್ತಾರೆ. ಬಾಯಿಂದ ಓದಿ ಕೇಳುವಾಗ ತೆಗಳಿಕೆಯ ವಾಕ್ಯಗಳಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ, ನಿಧಾನಕ್ಕೆ ಕೇಳಬೇಕು. ಅಂಕ ಬಂದರೂ ಎಲ್ಲಿ ತಪ್ಪಿದೆ ಎಂದು ಅದು ಹೇಳುವುದಿಲ್ಲ. ಜ್ವರದ ಮಾಪಕ ಇದ್ದಂಗ.

ಈಗ ನಮ್ಮ ಸಂಘ ಏನು ಮಾಡಬಹುದು? ಮೊದಲು ನಮ್ಮ ಮನೆಯದೇ ನೋಡೋಣ. ಸಂಘದ ವಾಚನಾಲಯದ ಸದಸ್ಯತ್ವಕ್ಕೆ ಮೊಬೈಲ್ ಫಾರ್ಮ್ ಮಾಡಿದ್ದಾರೆ ಹುಡುಗರು. ಅದನ್ನು ಐದು ಜನರಿಂದ ತುಂಬಿಸಿ ನೋಡ್ರಿ, ಸಿಕ್ಕ ತೊಡಕು ತಿದ್ದಿ, ಮತ್ತೆ ಐದು ಜನ. ಕೈ ಪಳಗಿದ ಮೇಲೆ ಸ್ಕಾಲರ್‌ಶಿಪ್ ಅರ್ಜಿಗೆ ಹೋಗೋಣ. ಅಲ್ಲಿ ಎಚ್ಚರ ಬೇಕು. ಪರೀಕ್ಷೆಗೆಂದು ಯಾರ ಆಧಾರ್ ನಂಬರೂ, ಒಟಿಪಿಯೂ ಬರೆದುಕೊಳ್ಳಬಾರದು. ನಿಜವಾಗಿ ಅರ್ಜಿ ಹಾಕುವವರ ಪಕ್ಕದಲ್ಲಿ ಅವರ ಒಪ್ಪಿಗೆಯಿಂದ ಕೂತು ನೋಡಬೇಕು. ಸುಳ್ಳು ಅರ್ಜಿ ತುಂಬಬಾರದು. ಮುಖದ ವಿಡಿಯೊ ಬೇಡ. ಕೊನೆಯ ಬಟನ್ ಹತ್ತಿರ ಬಂದಾಗ ಮಾತ್ರ ಸುಮ್ಮನಿರುವ ನಿಯಮ ಮುರೀರಿ. ಅರ್ಜಿ ನಿಜವಾಗಿ ಹೋಯಿತೇ ಎಂದು ನೋಡಿಯೇ ಏಳ್ರಿ.

ಬರೆಯುವುದು ಹೀಗೆ: ಯಾವ ಕೆಲಸ, ಯಾವ ಪರದೆ, ಏನು ಮಾಡಲು ಹೋದರು, ಏನಾಯಿತು, ಐವರಲ್ಲಿ ಎಷ್ಟು ಜನಕ್ಕೆ ಆಯಿತು. ಜೊತೆಗೆ ತೊಡಕಿನ ತೂಕ. ನೀಲ್ಸನ್ 0ಯಿಂದ 4ರ ತನಕ ಇಡುತ್ತಾರೆ: 0 ಅಂದರೆ ತೊಡಕೇ ಅಲ್ಲ, 4 ಅಂದರೆ ಇದನ್ನು ಸರಿಪಡಿಸದೆ ಜನರಿಗೆ ಕೊಡಲೇಬಾರದು. ಅಕ್ಷರದ ಬಣ್ಣ ಚಂದಿಲ್ಲ ಅನ್ನೋದು 1. ಐವರಲ್ಲಿ ನಾಲ್ವರು "ಜತನ" ಒತ್ತಿ ಎದ್ದುಹೋದರು ಅಂದರೆ ಅದು 4, ಕೆಂಪು ಶಾಯಿಯಲ್ಲಿ ಬರೀರಿ. "ಪೋರ್ಟಲ್ ಸರಿ ಇಲ್ಲ" ಎಂಬ ತಕರಾರಿಗೆ ಕಚೇರಿಯವರು "ನೆಟ್‌ವರ್ಕ್ ಇರಲಿಕ್ಕಿಲ್ಲ" ಅಂತಾರೆ. "ಐವರಲ್ಲಿ ನಾಲ್ವರು, ಈ ಪರದೆಯಲ್ಲಿ, ಈ ಬಟನ್ನಿನ ಹತ್ತಿರ" ಅಂತ ಬರೆದ ಒಂದು ಪುಟಕ್ಕೆ ಅವರು ಅದೇ ಉತ್ತರ ಕೊಡಲಿಕ್ಕೆ ಬರೂದಿಲ್ಲ. ಆ ಪುಟವನ್ನು ಕಾಲೇಜಿನ ಪ್ರಾಂಶುಪಾಲರಿಗೆ, ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಗೆ, ಸರಕಾರದ ತಕರಾರು ಪೋರ್ಟಲಿಗೆ ಕಳಿಸೋಣ. ಆ ತಕರಾರು ಪೋರ್ಟಲ್ ಬಳಸಲಿಕ್ಕೆ ಹೆಂಗದ ಅನ್ನೋದನ್ನೂ ಅಷ್ಟೊತ್ತಿಗೆ ಬರೆದುಕೊಳ್ಳಿ.

ಬರುವ ರವಿವಾರ ಮುಂಜಾನೆ ಹತ್ತಕ್ಕೆ ವಾಚನಾಲಯದಲ್ಲಿ ಮೊದಲ ಸರದಿ. ಮನೆಯಿಂದ ಒಬ್ಬೊಬ್ಬರು ಹಿರಿಯರನ್ನು ಕರಕೊಂಡು ಬರ್ರಿ, ಮೊಬೈಲ್ ಚಾರ್ಜ್ ಇರಲಿ. ನೋಟ್‌ಬುಕ್, ಪೆನ್ನು, ಚಹಾ ಸಂಘದ್ದು.